ಶಕೀಲಾಳ ಪಾಲಿನ ಪ್ರಶ್ನೆ

ಹುಲ್ಲಿನ ನಡುವೆ ಹಣ್ಣಾಗುತ್ತಿರುವ ಮಾವಿನ ವಾಸನೆ. ಸಭಾಂಗಣದ ಮೆಟ್ಟಿಲು ಹತ್ತುತ್ತಿದ್ದ ಗಂಗರತ್ನಮ್ಮ ಅರ್ಧದಲ್ಲೇ ನಿಂತರು. ರಾಯಲ್ಪಾಡಿನ ತವರುಮನೆಯಲ್ಲಿ ಬೇಸಿಗೆ ರಜೆಯಿಡೀ ಇದೇ ವಾಸನೆ. ಅಟ್ಟದ ಮೇಲೆ ಹುಲ್ಲು ಹಾಸಿ ಅಪ್ಪ ಕಾಯಿ ಜೋಡಿಸುತ್ತಿದ್ದರು. ಮಕ್ಕಳೆಲ್ಲ ಅದರ ಕೆಳಗೇ ಚಾಪೆ ಹಾಕಿಕೊಂಡು ಮಲಗುತ್ತಿದ್ದರು. ಬೆಳಿಗ್ಗೆ ಎದ್ದರೆ ತಲೆಗೂದಲಿಗೂ ಆ ವಾಸನೆ ಅಂಟಿಕೊಂಡಿರುತ್ತಿತ್ತು. ಈ ಮೆಟ್ಟಿಲ ಮೇಲೆ ನಿಂತು ಪ್ರತಿ ವರ್ಷ ಅವರು ಇದನ್ನು ಹೇಳುತ್ತಿದ್ದರು. ಪ್ರತಿ ವರ್ಷವೂ ಗೆಳತಿ ಶಕೀಲಾ ಮೊದಲ ಸಲ ಕೇಳುವವಳಂತೆ ಕೇಳಿಸಿಕೊಳ್ಳುತ್ತಿದ್ದಳು.

"ಕಾಲು ನೋಯ್ತಿದ್ಯಾ ಆಂಟಿ?" ಎಂದು ಪಕ್ಕದಲ್ಲಿದ್ದ ಮಿಸ್ಬಾ ಕೈ ಹಿಡಿದಳು. ಅವಳು ಶಕೀಲಾಳ ಮಗಳು.

"ಇಲ್ಲ ಕಣೇ. ಸುಮ್ನೆ ನಿಂತೆ."

ಶ್ರೀನಿವಾಸಪುರದ ಮಾವು ವರ್ತಕರ ಸಂಘದವರು ಸುಗ್ಗಿ ಶುರುವಾದ ಮೇಲೆ ಒಂದು ಭಾನುವಾರ ಸಾಮಾನ್ಯ ಜ್ಞಾನದ ಸ್ಪರ್ಧೆ ಇಡುತ್ತಾರೆ. ವಯಸ್ಸಿನ ಕಟ್ಟುಪಾಡಿಲ್ಲ, ಜೋಡಿಯಾಗಿ ಬಂದರೆ ಸಾಕು. ಮಾಲೂರಿನಿಂದ, ಕೋಲಾರದಿಂದ, ಮುಳಬಾಗಿಲಿನಿಂದ ಬಸ್ಸು ಹತ್ತಿ ಬರುವವರಿದ್ದಾರೆ. ಕಾವ್ಯ, ಚರಿತ್ರೆ, ಕ್ರಿಕೆಟ್ಟು, ಚದುರಂಗ, ಸಿನಿಮಾ, ಯಾವುದು ಬೇಕಾದರೂ ಬರಬಹುದು. ಗೆದ್ದವರ ಹೆಸರನ್ನು ಸಭಾಂಗಣದ ಗೋಡೆಯ ಕರಿಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ. ಬಹುಮಾನವೆಂದು ಕೊಡುವ ಮಾವಿನ ಪೆಟ್ಟಿಗೆ ವಾರದಲ್ಲಿ ಖಾಲಿಯಾಗುತ್ತದೆ, ಹಲಗೆಯ ಮೇಲಿನ ಹೆಸರು ಹಾಗೇ ಉಳಿಯುತ್ತದೆ.

ಮುಳಬಾಗಿಲಿನ ಒಂದೇ ಪ್ರೌಢಶಾಲೆಯಲ್ಲಿ ಗಂಗರತ್ನಮ್ಮ ಕನ್ನಡ ಟೀಚರಾಗಿದ್ದರು, ಶಕೀಲಾ ಪಿ.ಟಿ. ಟೀಚರು. ಬಾಯಲ್ಲಿ ಸೀಟಿ, ಸೀರೆಯ ಮೇಲೊಂದು ಬುರ್ಖಾ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಮೊದಲ ವರ್ಷ ಇಬ್ಬರೂ ತಮಾಷೆಗೆಂದು ಸ್ಪರ್ಧೆಗೆ ಬಂದಿದ್ದರು. ಸಂಘದ ನಿಯಮದ ಪ್ರಕಾರ ಜೋಡಿಯಲ್ಲಿ ಯಾರ ಬಾಯಿಂದ ಮೊದಲು ಬರುತ್ತದೋ ಅದೇ ಉತ್ತರ. ಪಿಸುಗುಟ್ಟಿ ಮಾತಾಡಿಕೊಳ್ಳುವ ಹಾಗಿಲ್ಲ. ಆ ವರ್ಷ ಕಬಡ್ಡಿಯ ಪ್ರಶ್ನೆಗೆ ಗಂಗರತ್ನಮ್ಮ ಅವಸರದಲ್ಲಿ ಏನೋ ಹೇಳಿ ಸೋತರು. ವಾಪಸು ಬಸ್ಸಿನಲ್ಲಿ ಶಕೀಲಾ ಮುಖ ಊದಿಸಿಕೊಂಡು ಕೂತವಳು, ಊರು ಹತ್ತಿರವಾದಾಗ ಲೋಕವನ್ನೇ ಎರಡು ಪಾಲು ಮಾಡಿದಳು. ಕಾವ್ಯ, ಚರಿತ್ರೆ, ದೇಶ, ಭಾಷೆ ಗಂಗರತ್ನಮ್ಮನ ಪಾಲು. ಆಟ, ಸಿನಿಮಾ, ಹಾಡು, ಟಿ.ವಿ. ತನ್ನ ಪಾಲು. ಒಬ್ಬರ ಪಾಲಿನ ಪ್ರಶ್ನೆ ಬಂದರೆ ಇನ್ನೊಬ್ಬರು, ಉತ್ತರ ಗೊತ್ತಿದ್ದರೂ ಸರಿಯೇ, ಬಾಯಿ ತೆರೆಯಬಾರದು. ಅಲ್ಲಿಂದ ಮುಂದೆ ಹಾಗೇ ನಡೆಯಿತು. ಶಕೀಲಾ ಉತ್ತರ ಹುಡುಕುವಾಗ ಗಂಗರತ್ನಮ್ಮ ಗೋಡೆ ನೋಡುತ್ತ ಕೂರುತ್ತಿದ್ದರು, ಬಸ್ಸಿನ ಕಿಟಕಿಯಾಚೆ ನೋಡುವವರ ಹಾಗೆ ಆರಾಮಾಗಿ. ಎಷ್ಟೋ ಸಲ ಎರಡನೇ ಸ್ಥಾನದವರೆಗೆ ಬಂದರು. ಹಲಗೆ ಮಾತ್ರ ಹತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಶಕೀಲಾ ತೀರಿಕೊಂಡಳು. ಯುಗಾದಿಯ ಹೊತ್ತಿಗೆ ಮಿಸ್ಬಾ ಗಂಗರತ್ನಮ್ಮನ ಮನೆಗೆ ಬಂದು, ಅಮ್ಮಿಯ ಜಾಗದಲ್ಲಿ ತಾನು ಕೂರುತ್ತೇನೆ, ಬರುತ್ತೀರಾ ಎಂದು ಕೇಳಿದಳು. ಗಂಗರತ್ನಮ್ಮ ಮೊದಲು ಒಲ್ಲೆ ಎಂದರು. ಆಗ ಆ ಹುಡುಗಿ ಕೈಲಿದ್ದ ಕಾಫಿ ಕೆಳಗಿಟ್ಟು ಹೇಳಿದ ಮಾತಿಗೆ ಒಪ್ಪಿಕೊಂಡರು.

"ಮನೆ ಮುಂದೆ ಅಬ್ಬಾ ಹೆಸ್ರಿದೆ. ಗೋರಿಗೆ ನಾವು ಕಲ್ಲು ಇಡಲ್ಲ, ಬರೀ ಮಣ್ಣು. ಅಮ್ಮಿ ಹೆಸ್ರು ಎಲ್ಲೂ ಇಲ್ಲ ಆಂಟಿ. ಅದೊಂದು ಹಲಗೆ ಮೇಲಾದ್ರೂ ಇರ್ಲಿ."

ಮಿಸ್ಬಾ ಲಕ್ಕೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲೇ ಗೆಳತಿಯರ ಜೊತೆ ರೂಮು. ಶಿಫ್ಟ್ ಮುಗಿಸಿ ಬಂದು ಫೋನಿನಲ್ಲಿ ಒಲಿಂಪಿಕ್ಸು, ಟೆನಿಸ್ಸು, ಹಳೆಯ ಸಿನಿಮಾಗಳ ವಿಷಯ ಓದಿದಳು. ಸಂಘದ ಕಾರ್ಯದರ್ಶಿ ಕೋದಂಡರಾಮಪ್ಪನವರನ್ನು ಹೋಗಿ ಕಂಡು, ಗೆದ್ದರೆ ತನ್ನ ಹೆಸರಿನ ಬದಲು ತಾಯಿಯ ಹೆಸರು ಬರೆಸುವುದಕ್ಕೆ ಒಪ್ಪಿಸಿಯೂ ಬಂದಳು. ಇವತ್ತು ಬರುವಾಗ ಬಸ್ಸಿನಲ್ಲಿ ಗಂಗರತ್ನಮ್ಮನಿಗೆ ಒಂದು ಮಾತು ಹೇಳಿದ್ದಳು. ಅಮ್ಮಿಯ ಪಾಲಿನ ಪ್ರಶ್ನೆಯಾದರೂ ಪರವಾಗಿಲ್ಲ, ಗೊತ್ತಿದ್ದರೆ ಹೇಳಿಬಿಡಿ, ನಾನು ಮುಖ ಊದಿಸಿಕೊಳ್ಳುವುದಿಲ್ಲ ಎಂದು. ಗಂಗರತ್ನಮ್ಮ ನಕ್ಕು ಆಗಲಿ ಎಂದಿದ್ದರು.

ಒಳಗೆ ಹೋದಾಗ ಯಾರೋ ಅವರಿಗಾಗಿ ಫ್ಯಾನಿನ ಕೆಳಗಿನ ಮೇಜು ಬಿಟ್ಟುಕೊಟ್ಟಿದ್ದರು. ಎದುರು ಮೇಜಿನಲ್ಲಿ ಕಾಂತರಾಜ್ ಮತ್ತು ಆಂಜಿನಪ್ಪ. ಇಬ್ಬರೂ ಕೋಲಾರದವರು, ಹಲಗೆಯ ಮೇಲೆ ಆಗಲೇ ಎರಡು ಕಡೆ ಹೆಸರಿದ್ದವರು. ಪ್ರತಿ ವರ್ಷ ಶಕೀಲಾಳನ್ನು ರೇಗಿಸುತ್ತಿದ್ದ ಕಾಂತರಾಜ್ ಇವತ್ತು ಎದ್ದು ಬಂದು ಇವರ ಮೇಜಿನ ಹತ್ತಿರ ನಿಂತ.

"ಟೀಚರ್ ಇಲ್ದೆ ನಮ್ಗೂ ಮಜಾ ಇಲ್ಲ ಮೇಡಂ," ಎಂದ. ಆಮೇಲೆ ಮಿಸ್ಬಾಳ ಕಡೆ ತಿರುಗಿ, "ಆದ್ರೂ ನಾವೇನ್ ಬಿಟ್ಕೊಡಲ್ಲಮ್ಮಾ," ಎಂದ.

"ಬಿಟ್ಕೊಟ್ರೆ ನಾವೇ ತಗೊಳಲ್ಲ ಸಾರ್," ಎಂದಳು ಮಿಸ್ಬಾ. ಥೇಟ್ ತಾಯಿಯದೇ ಧಾಟಿ. ಗಂಗರತ್ನಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಸ್ಪರ್ಧೆ ಚೆನ್ನಾಗಿಯೇ ಸಾಗಿತು. ಮೂರು ಮಾತ್ರೆ, ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ಬರುವ ಷಟ್ಪದಿ ಯಾವುದೆಂದು ಕೋದಂಡರಾಮಪ್ಪ ಕೇಳುವಷ್ಟರಲ್ಲಿ ಗಂಗರತ್ನಮ್ಮ ಭಾಮಿನಿ ಎಂದಾಗಿತ್ತು. ಚದುರಂಗದಲ್ಲಿ ಒಂದೇ ನಡೆಗೆ ತನ್ನವೇ ಎರಡು ಕಾಯಿಗಳನ್ನು ಕದಲಿಸುವುದಕ್ಕೆ ಏನನ್ನುತ್ತಾರೆ ಎಂಬುದಕ್ಕೆ ಮಿಸ್ಬಾ ಕ್ಯಾಸ್ಲಿಂಗ್ ಎಂದಳು. ಸಿನಿಮಾ ಶೂಟಿಂಗಿನಲ್ಲಿ ಹಲಗೆ ತಟ್ಟುವುದು ಯಾಕೆ ಎಂದಾಗ, ದೃಶ್ಯಕ್ಕೂ ಶಬ್ದಕ್ಕೂ ತಾಳೆ ಹಾಕುವುದಕ್ಕೆ ಎಂದು ಬಿಡಿಸಿ ಹೇಳಿದಳು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಬಿಸಿಲು ಏರಿತು, ಒಂದೊಂದೇ ಜೋಡಿ ಹಿಂದೆ ಬಿತ್ತು, ಕೊನೆಗೆ ಎರಡು ಮೇಜು ಸಮವಾಗಿ ಉಳಿದವು. ಒಂದು ಪ್ರಶ್ನೆ, ಮೊದಲ ಸರದಿ ಗಂಗರತ್ನಮ್ಮನ ಮೇಜಿನದು. ಅವರು ತಪ್ಪಿದರೆ ಎದುರು ಮೇಜಿಗೆ.

ಕೋದಂಡರಾಮಪ್ಪ ಚೀಟಿ ಬಿಡಿಸಿದರು. "ಬ್ಯಾಡ್ಮಿಂಟನ್ ಆಟದ್ದು. ಗರಿಯ ಷಟಲ್ ಕಾಕ್‌ನಲ್ಲಿ ಎಷ್ಟು ಗರಿ ಇರ್ತವೆ?"

ಗಂಗರತ್ನಮ್ಮನಿಗೆ ಎದೆ ತುಂಬಿ ಬಂದಂತಾಯಿತು. ಎಂಥ ಪ್ರಶ್ನೆ. ಹಾಸಿಗೆ ಹಿಡಿದಾಗ ಶಕೀಲಾಳ ದಿಂಬಿನ ಪಕ್ಕ ಒಂದು ಹಳೆಯ ಷಟಲ್ ಇರುತ್ತಿತ್ತು. ತಸ್ಬಿ ಮಣಿ ಎಣಿಸುವ ಹಾಗೆ ಅದರ ಗರಿಗಳನ್ನು ಹೆಬ್ಬೆರಳಲ್ಲಿ ಎಣಿಸುತ್ತಿದ್ದಳು. ಹದಿನಾರು. ಒಂದು ಕಡಿಮೆಯಾದರೂ ಓಲಾಡುತ್ತೆ ಗಂಗಾ, ನೋಡು, ಎಂದು ಇವರ ಕೈಗೂ ಕೊಟ್ಟಿದ್ದಳು. ಈಗ ಇದೇ ಪ್ರಶ್ನೆ, ಅದೂ ಕೊನೆಯದಾಗಿ, ಅದೂ ಅವಳ ಪಾಲಿಗೆ. ಇವತ್ತು ಇವಳನ್ನು ಹಿಡಿಯುವವರಿಲ್ಲ ಎಂದುಕೊಂಡು ಗಂಗರತ್ನಮ್ಮ ಕೈಕಟ್ಟಿ ಹಿಂದಕ್ಕೆ ಒರಗಿ, ಗೋಡೆಯ ಹಲಗೆ ನೋಡುತ್ತ ಕೂತರು. ತುಟಿಯ ಮೇಲೆ ನಗು ಬಂದಿತ್ತು. ಮೇಲೆ ಫ್ಯಾನು ತಿರುಗುತ್ತಿತ್ತು. ಎಡಗಡೆಯಿಂದ ಆ ಗಟ್ಟಿ ದನಿ ಇನ್ನೇನು ಕೇಳಿಸುತ್ತದೆ ಎಂದು ಅವರು ಕಾದರು.

"ಹನ್ನೆರಡು," ಎಂದಿತು ಎಡಗಡೆಯ ದನಿ. ತೆಳ್ಳಗೆ, ಅನುಮಾನದಿಂದ.

ಗಂಗರತ್ನಮ್ಮ ತಿರುಗಿ ನೋಡಿದರು. ಪಕ್ಕದಲ್ಲಿ ಮಿಸ್ಬಾ ಕೂತಿದ್ದಳು.

ಎದುರು ಮೇಜಿನಲ್ಲಿ ಆಂಜಿನಪ್ಪ ಮೆಲ್ಲಗೆ ಹದಿನಾರು ಎಂದ. ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಕಾಂತರಾಜ್ ಎದ್ದು ಕೈ ಮೇಲೆತ್ತಲಿಲ್ಲ. ಪ್ರತಿ ಸಲ ಎತ್ತುತ್ತಿದ್ದ.

ಜನ ಊಟಕ್ಕೆಂದು ಹೊರಗೆ ಹೋದ ಮೇಲೆ ಕೋದಂಡರಾಮಪ್ಪ ಇವರ ಮೇಜಿನ ಹತ್ತಿರ ಬಂದು ನಿಂತರು. "ಏಮ್ಮಾ," ಎಂದು ತೆಲುಗಿನಲ್ಲಿ ಶುರುಮಾಡಿ, ಮಿಸ್ಬಾಳ ಮುಖ ನೋಡಿ ಕನ್ನಡಕ್ಕೆ ಬಂದರು. "ಸಂಘದೋರ ಹತ್ರ ನಾನು ಮಾತಾಡ್ತೀನಿ. ಹಲಗೆ ಕೆಳಗಡೆ ಜಾಗ ಐತೆ. ಟೀಚರ್ ಹೆಸ್ರು ಒಂದ್ ಸಾಲು ಬರೆಸೋಣ. ಯಾರೂ ಬ್ಯಾಡ ಅನ್ನಲ್ಲ."

"ಬೇಡ ಸಾರ್," ಎಂದಳು ಮಿಸ್ಬಾ. "ಗೆಲ್ದೆ ಬರೆಸಿದ್ರೆ ಅಮ್ಮಿ ಎದ್ದು ಬಂದು ಅಳಿಸಿ ಹೋಗ್ತಾಳೆ."

ಅವರು ತಲೆಯಾಡಿಸಿ, ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಅವಳ ಹತ್ತಿರಕ್ಕೆ ಸರಿಸಿ ಹೋದರು. ಮಿಸ್ಬಾ ಅದನ್ನು ಮುಟ್ಟಲಿಲ್ಲ. ಅಳುವುದನ್ನು ತಡೆದು ತಡೆದು ಅವಳ ಮೂಗಿನ ತುದಿ ಕೆಂಪಾಗಿತ್ತು.

"ಸಾರಿ ಆಂಟಿ. ನಿಮ್ಮ ಮುಖ ನೋಡ್ದೆ, ನಗ್ತಿದ್ರಿ. ಇವಳಿಗೆ ಬಂದೇ ಬರುತ್ತೆ ಅಂತ ನಂಬ್ಕೊಂಡು ಕೂತಿದ್ದಾರೆ, ಸುಮ್ನಿದ್ರೆ ಹೇಗೆ ಅಂತ ಏನೋ ಒಂದು ಹೇಳ್ಬಿಟ್ಟೆ."

ಹೌದು, ನಂಬಿದ್ದೆ, ಹೋಗಲಿ ಬಿಡು ಎಂದರೆ ಮುಗಿದುಹೋಗುತ್ತಿತ್ತು. ಹುಡುಗಿ ಅಷ್ಟನ್ನು ಇಟ್ಟುಕೊಂಡು ಲಕ್ಕೂರಿನ ಬಸ್ಸು ಹತ್ತುತ್ತಿದ್ದಳು. ಗಂಗರತ್ನಮ್ಮ ಅವಳ ಬೆರಳುಗಳನ್ನು ನೋಡಿದರು. ಉದ್ದದ, ಗೆಣ್ಣು ಎದ್ದ ಬೆರಳುಗಳು, ಶಕೀಲಾಳವೇ. ಸೋಲಿನ ಭಾರವನ್ನೆಲ್ಲ ಇವಳೊಬ್ಬಳೇ ಹೊತ್ತುಕೊಂಡು ಹೋಗುವುದನ್ನು ನೋಡುತ್ತ ಕೂರಲು ಅವರಿಂದಾಗಲಿಲ್ಲ.

"ಉತ್ತರ ನಂಗೆ ಗೊತ್ತಿತ್ತು ಮಿಸ್ಬಾ."

ಅವಳಿಗೆ ಅರ್ಥವಾಗಲಿಲ್ಲ. "ಏನು ಗೊತ್ತಿತ್ತು?"

"ಹದಿನಾರು ಅಂತ. ನಿಮ್ಮಮ್ಮ ಹಾಸಿಗೇಲಿದ್ದಾಗ ಹೇಳಿದ್ಲು. ನನ್ನ ಕೈಲೇ ಎಣಿಸಿದ್ಲು."

"ಗೊತ್ತಿದ್ದೂ ಹೇಳ್ಲಿಲ್ವಾ?" ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಬಸ್ಸಲ್ಲಿ ಅಷ್ಟು ಹೇಳಿದ್ನಲ್ಲ ಆಂಟಿ. ಗೊತ್ತಿದ್ರೆ ಹೇಳ್ಬಿಡಿ ಅಂತ."

"ಅವಳು ಹೇಳ್ತಾಳೆ ಅಂತ ಕಾಯ್ತಾ ಕೂತಿದ್ದೆ."

ಮಿಸ್ಬಾ ಅವರನ್ನೇ ನೋಡಿದಳು.

"ಅವಳಿಲ್ಲ ಅನ್ನೋದು ಆಗ ನೆನಪೇ ಬರ್ಲಿಲ್ಲ ಕಣೇ," ಎಂದರು ಗಂಗರತ್ನಮ್ಮ. "ಪಕ್ಕದಲ್ಲೇ ಇದ್ಲು."

ಮಿಸ್ಬಾ ಎದ್ದಳು. ಕುರ್ಚಿ ಹಿಂದಕ್ಕೆ ಸರಿದು ನೆಲಕ್ಕೆ ಉಜ್ಜಿದ ಸದ್ದು ಖಾಲಿ ಸಭಾಂಗಣದಲ್ಲಿ ದೊಡ್ಡದಾಗಿ ಕೇಳಿತು. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿ ಹೊರಟುಹೋದಳು.

ಗಂಗರತ್ನಮ್ಮ ಅಲ್ಲೇ ಕೂತರು. ಬಣ್ಣ ಹಚ್ಚುವವನು ಏಣಿ ತಂದು ಹಲಗೆಗೆ ಒರಗಿಸಿ, ಅಮ್ಮಾ ಸ್ವಲ್ಪ ಧೂಳು ಬೀಳುತ್ತದೆ ಎಂದು ಹೇಳಿ, ಒದ್ದೆ ಬಟ್ಟೆಯಿಂದ ಜಾಗ ಒರೆಸತೊಡಗಿದ. ಸೀಮೆಸುಣ್ಣದಲ್ಲಿ ಗೆರೆ ಎಳೆದ. ಆಂಜಿನಪ್ಪನ ಹೆಸರಿನ ಮೊದಲ ಅಕ್ಷರ ಮೂಡುವುದನ್ನು ಅವರು ನೋಡಿದರು. ಜಾಗ ಅಗಲವಾಗಿಯೇ ಇತ್ತು. ಇಷ್ಟು ವರ್ಷ ಈ ಹಲಗೆಯನ್ನು ನೋಡಿದರೂ ಅದರಲ್ಲಿ ಬರೆದಿದ್ದನ್ನು ಅವರು ಒಮ್ಮೆಯೂ ಓದಿರಲಿಲ್ಲ. ಪಕ್ಕದವಳು ಉತ್ತರ ಹೇಳುವವರೆಗೆ ಕಣ್ಣಿಡುವುದಕ್ಕೊಂದು ಜಾಗವಾಗಿತ್ತು, ಅಷ್ಟೇ. ಈಗ ಓದಲು ಹೋದರೆ ಅಕ್ಷರಗಳು ಕಲಸಿಕೊಂಡವು.

ಹೊರಗೆ ಮುನಿಶಾಮಮ್ಮ ದೊಡ್ಡ ದನಿಯಲ್ಲಿ ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಸಂಘದ ಅಡುಗೆ ಪ್ರತಿ ವರ್ಷ ಅವಳದೇ. ಬಸ್ಸಾರಿನ ಒಗ್ಗರಣೆಯ ಘಮ ಒಳಗೆ ಬಂತು. ಯಾರೋ ನಕ್ಕರು. ಮುಳಬಾಗಿಲಿನ ಬಸ್ಸು ಯಾವಾಗಿದೆಯೋ ಗಂಗರತ್ನಮ್ಮನಿಗೆ ತಿಳಿಯದು. ಬಸ್ಸಿನ ವೇಳೆ ನೋಡಿಕೊಳ್ಳುವುದೂ ಶಕೀಲಾಳ ಪಾಲಿಗೇ ಹೋಗಿತ್ತು.

ಹೆಜ್ಜೆಯ ಸದ್ದಾಯಿತು. ಮಿಸ್ಬಾ ಬಾಗಿಲಲ್ಲಿದ್ದಳು. ಕಣ್ಣು ತೊಳೆದುಕೊಂಡು ಬಂದಿದ್ದಳು, ಕಿವಿಯ ಹತ್ತಿರ ದುಪಟ್ಟಾ ಒದ್ದೆಯಾಗಿತ್ತು. ಕೈಯಲ್ಲೊಂದು ಅಡಿಕೆ ಹಾಳೆಯ ತಟ್ಟೆ, ಅದರಲ್ಲಿ ಹಬೆಯಾಡುವ ಮುದ್ದೆ, ಸುತ್ತ ಸೊಪ್ಪಿನ ಬಸ್ಸಾರು. ಅವಳು ಗಂಗರತ್ನಮ್ಮನ ಮುಖ ನೋಡಲಿಲ್ಲ. ಹತ್ತಿರ ಬಂದು, ಬಾಗಿ, ತಟ್ಟೆಯನ್ನು ಅವರ ಎರಡೂ ಕೈಗಳಲ್ಲಿ ಇಟ್ಟಳು. ತಟ್ಟೆ ಒಂದು ಕಡೆಗೆ ವಾಲಿತು. ಸಾರು ಅಂಚಿನವರೆಗೂ ಬಂದು ಹಿಂದೆ ಸರಿಯಿತು. ಅವರ ಬೆರಳುಗಳು ಬಿಗಿಯಾಗುವವರೆಗೂ ಮಿಸ್ಬಾ ತಟ್ಟೆಯ ಇನ್ನೊಂದು ಅಂಚನ್ನು ಹಿಡಿದುಕೊಂಡೇ ಇದ್ದಳು.