ಕಂಬಳಿಯ ಮೂಲೆ

ಬಾನೆಟ್ಟು ಎತ್ತಲು ಗಜಾನನನಿಗೆ ಮನಸ್ಸಿರಲಿಲ್ಲ. ಬೇಡಗದಿಂದ ಹೊರಟು, ಮಿರಜ ಇನ್ನೂ ಮೂರು ಕಿಲೋಮೀಟರು ಇರುವಾಗ ಕಾರು ಕೆಮ್ಮಿ ಕೆಮ್ಮಿ ನಿಂತಿತ್ತು. ಮಳೆ ಹೊಯ್ಯುತ್ತಲೇ ಇತ್ತು. ಮುಂದಿನ ಸೀಟಿನಲ್ಲಿ ಅಪ್ಪ ಧೋಂಡಿಬಾ ಜ್ವರದಿಂದ ನಡುಗುತ್ತ, ಕರಿ ಕಂಬಳಿ ಹೊದ್ದು ಕುಳಿತಿದ್ದ. ಆ ಕಂಬಳಿಗೆ ಒಂದು ಮೂಲೆ ಇರಲಿಲ್ಲ.

"ಇಳದ್ ನೋಡಪಾ," ಎಂದ ಧೋಂಡಿಬಾ. "ದವಾಖಾನಿ ಮುಚ್ಚೂದ್ರಾಗ ಹೋಗೂಣು."

ಒಳಗೆ ಏನಿದೆಯೆಂದು ಗಜಾನನನಿಗೆ ನೋಡದೆಯೂ ಗೊತ್ತಿತ್ತು. ಬೇಸಿಗೆಯಲ್ಲಿ ಸಾಂಗಲಿಯ ಪಾರಿಸನ ಗ್ಯಾರೇಜಿನಲ್ಲಿ ಕಂಪನಿಯ ಫಿಲ್ಟರು ಕೀಳಿಸಿ, ಮುಚ್ಚಳವಿಲ್ಲದ ಕೆಂಪು ಏರ್ ಫಿಲ್ಟರು ಹಾಕಿಸಿದ್ದ. ಗಾಡಿ ಹುಲಿಯ ಹಾಗೆ ಗುರ್ ಎನ್ನಬೇಕು, ಅದೊಂದೇ ಆಸೆ. "ಇದು ಮಳಿನೀರು ಕುಡೀತಂದ್ರ ಇಂಜಿನ್ ಹೋತು ನೋಡು. ಮ್ಯಾಲೊಂದು ಟೋಪಿ ಬೇಕು, ತರಸ್ತೇನಿ," ಎಂದಿದ್ದ ಪಾರಿಸ. ಟೋಪಿ ಬರುವ ಮೊದಲೇ ಮಳೆ ಬಂತು. ಮಳೆಗೆ ಜಗ್ಗದ್ದು ಮನೆಯಲ್ಲಿ ಏನಿದೆ ಎಂದು ಹುಡುಕಿದರೆ, ಗೂಟದಲ್ಲಿ ಅಪ್ಪನ ಕಂಬಳಿ. ಕುರಿ ಕಾಯುವ ಆ ಮನೆಯಲ್ಲಿ ಕಂಬಳಿಗೆ ಕತ್ತರಿ ಮುಟ್ಟಿಸುವುದಿಲ್ಲ. ಹರಿದರೆ ಹೊಲಿಯುತ್ತಾರೆ, ಹಬ್ಬಕ್ಕೆ ಅದರ ಮೇಲೆಯೇ ದೇವರನ್ನು ಕೂರಿಸುತ್ತಾರೆ. ಮೂಲೆ ತಾನೇ, ಯಾರಿಗೆ ಕಾಣುತ್ತದೆ ಎಂದು ಇವನು ಕತ್ತರಿಸಿಬಿಟ್ಟ.

ಒಂದು ದಿನವಾದರೂ ಮಳೆಯಲ್ಲಿ ಕುರಿಯ ಹಿಂದೆ ನಡೆದಿದ್ದರೆ ಮಹಾರಾಯನಿಗೆ ತಿಳಿಯುತ್ತಿತ್ತು. ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದಾಗ ನೆತ್ತಿಯ ಮೇಲೆ ಬರುವುದು ಆ ಮೂಲೆಯೇ. ಎಂಟು ದಿನ ಧೋಂಡಿಬಾನ ಕುತ್ತಿಗೆಗೆ ನೀರು ಇಳಿಯಿತು. ಎಂಟು ದಿನವೂ ಅವನು ಹೆಂಡತಿ ಮಾಳವ್ವನನ್ನು ಬೈದ. "ಇಲಿ ಕಡದಾವ. ಒಂದ್ ಕಂಬಳಿ ಕಾಯಾಕ ಆಗಲಿಲ್ಲ ನಿನಗ." ತನ್ನದೇ ತಪ್ಪೆಂದು ನಂಬಿ ಮಾಳವ್ವ ಬಾಗಿಲ ಬಳಿ ಇಲಿಬೋನು ತಂದಿಟ್ಟಳು. ದಿನವೂ ಅದನ್ನು ದಾಟಿಕೊಂಡೇ ಗಜಾನನ ಗಾಡಿ ತೆಗೆಯುತ್ತಿದ್ದ. ನಾಚಿಕೆಯಿಂದ ಊಟ ಸೇರುತ್ತಿರಲಿಲ್ಲ, ಆದರೂ ಹೇಳಲು ಬಾಯಿ ಬರಲಿಲ್ಲ.

ಈಗ ಇಳಿಯಲೇಬೇಕಾಯಿತು. ಹಿಂದಿನ ಸೀಟಿನಿಂದ ಮಾಳವ್ವನೂ ಛತ್ರಿ ಬಿಚ್ಚಿ ಇಳಿದಳು.

"ನೀ ಒಳಗ ಕುಂದ್ರವ್ವಾ."

"ನಿನಗೂ ಜ್ವರ ಬರಬೇಕೇನು?" ಎಂದು ಅವಳು ಛತ್ರಿಯನ್ನು ಅವನ ತಲೆಯ ಮೇಲೆ ಹಿಡಿದಳು.

ಅವನು ಬಾನೆಟ್ಟು ಎತ್ತಿದ. ತಂತಿಯಿಂದ ಫಿಲ್ಟರಿಗೆ ಬಿಗಿದಿದ್ದ ಕಂಬಳಿಯ ತುಂಡು ನೀರು ಕುಡಿದು ಉಬ್ಬಿತ್ತು. ಗಾಳಿ ಹಾಯಲೂ ದಾರಿ ಇರಲಿಲ್ಲ. ಅಂಚಿನಲ್ಲಿ ಮಾಳವ್ವ ತಾನೇ ಹಾಕಿದ್ದ ಕೆಂಪು ದಾರದ ಹೊಲಿಗೆ. ಛತ್ರಿ ಸ್ವಲ್ಪ ವಾಲಿತು. ಅವಳು ಮಗನ ಮುಖ ನೋಡಲಿಲ್ಲ. ಛತ್ರಿಯನ್ನು ಅವನ ಕೈಗೆ ಕೊಟ್ಟು, ತಂತಿ ಬಿಚ್ಚಿ, ತುಂಡನ್ನು ಹಿಂಡಿ ಉಡಿಯಲ್ಲಿ ಸೇರಿಸಿಕೊಂಡಳು.

"ಏನಾಗಿತ್ತು?" ಅವರು ಒಳಗೆ ಬಂದು ಕುಳಿತಾಗ ಧೋಂಡಿಬಾ ಕೇಳಿದ.

"ಇಲಿ ಹೊಕ್ಕಿತ್ತು," ಎಂದಳು ಮಾಳವ್ವ.

"ಮನ್ಯಾಗ ಸಾಕೀದಿ, ಈಗ ಗಾಡ್ಯಾಗೂ ಬಂದಾವ."

ಗಜಾನನ ಚಾವಿ ತಿರುಗಿಸಿದ. ಎರಡು ಸಲ ಮುನಿಸಿಕೊಂಡ ಕಾರು ಮೂರನೆಯ ಸಲಕ್ಕೆ ಚಾಲೂ ಆಯಿತು. ಆಸೆಪಟ್ಟು ಹಾಕಿಸಿಕೊಂಡ ಗುರ್ ಎನ್ನುವ ಸದ್ದು ಗಾಡಿಯ ತುಂಬ ತುಂಬಿಕೊಂಡಿತು.

"ಇಲಿ ಅಲ್ಲ ಅಪ್ಪಾ. ನಾ ಕತ್ತರಿಸೇನಿ," ಎಂದ.

"ಆಂ? ಏನಂದಿ? ಕೇಳವಲ್ದು," ಎಂದ ಧೋಂಡಿಬಾ, ಕಂಬಳಿಯನ್ನು ಕಿವಿಯಿಂದ ಸರಿಸುತ್ತ.

"ಮುಂದ ನಡಿ. ಹೊತ್ತಾಗೇತಿ," ಎಂದಳು ಹಿಂದಿನಿಂದ ಮಾಳವ್ವ.

ಮತ್ತೆ ಚಾಲೂ ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಗಜಾನನ ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡಿ, ಅಪ್ಪನ ಕಡೆ ತಿರುಗಿದ. ಟಾಪಿನ ಮೇಲೆ ಮಳೆಯ ಸದ್ದೊಂದೇ ಉಳಿಯಿತು. ಹಿಂದೆ, ಅವ್ವನ ಉಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.