ತಮ್ಮ ಕೊಲೆಗಾರನೇ?

ಸಿಟ್ಟು ಯಾರ ಮನೆಯಲ್ಲಿಲ್ಲ ಹೇಳಿ? ಹೊಲಿಗೆಯಂಗಡಿಯ ಅಕ್ಕನ ತಮ್ಮನಿಗಂತೂ ಅದು ಮೂಗಿನ ತುದಿಯಲ್ಲೇ ಇತ್ತು. ಹತ್ತಿರದ ವೆಲ್ಡಿಂಗ್ ಷೆಡ್ಡಿನಲ್ಲಿದ್ದ ಅವನದು ಕೆಲಸದಲ್ಲಿ ಎತ್ತಿದ ಕೈ. ಆದರೆ ಮಾತಿನಲ್ಲಿ ಷೆಡ್ಡಿನ ಜೊತೆಗಾರನನ್ನು ಸೋಲಿಸಲು ಆಗುತ್ತಿರಲಿಲ್ಲ. ಆ ಜೊತೆಗಾರ ಬಾಯಿ ಮುಚ್ಚಿದ್ದನ್ನು ಕಂಡವರೇ ಇಲ್ಲ. ಅದಕ್ಕೇ ಎಲ್ಲರೂ ತಮಾಷೆಗೆ ಅವನನ್ನು 'ಸೈಲೆನ್ಸರ್' ಎಂದು ಕರೆಯುತ್ತಿದ್ದರು.

ಅಂದು ಮಧ್ಯಾಹ್ನ ಅಕ್ಕ, ಪಕ್ಕದ ಬೀದಿಯ ವಕೀಲಮ್ಮನ ಕರಿ ಕೋಟಿನ ತೋಳಿಗೆ ಪಿನ್ನು ಚುಚ್ಚಿ ಅಳತೆ ನೋಡುತ್ತಿದ್ದಳು. ಅವಳ ಗಂಡ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ. ತಮ್ಮ ಓಡಿ ಬಂದವನೇ ಒಳಗಿನಿಂದ ಚಿಲಕ ಹಾಕಿ, ತೂಗುಹಾಕಿದ ಬಟ್ಟೆಗಳ ಹಿಂದೆ ಕುಸಿದು ಕೂತ.

"ಅಕ್ಕಾ, ಸೈಲೆನ್ಸರ್ ಬಿದ್ದ. ಏಳ್ತಾ ಇಲ್ಲ. ನಾನು... ಸುಮ್ನೆ ತಳ್ಳಿದೆ ಅಷ್ಟೇ."

ಅಕ್ಕನ ಕೈಯಿಂದ ಪಿನ್ನಿನ ಡಬ್ಬಿ ಜಾರಿತು.

"ಉಸಿರಾಡ್ತಿದ್ನಾ?" ಎಂದರು ವಕೀಲಮ್ಮ.

"ನೋಡ್ಲಿಲ್ಲ ಮೇಡಂ."

"ಷೆಡ್ಡಲ್ಲಿ ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ. ಎಲ್ಲಾ ಊಟಕ್ಕೆ ಹೋಗಿದ್ರು."

ವಕೀಲಮ್ಮ ಮರುಮಾತಾಡದೆ ಫೋನ್ ತೆಗೆದು ಆಂಬುಲೆನ್ಸ್ ಕರೆದರು. ಷೆಡ್ಡಿನ ಗುರುತು ಹೇಳಿದರು. ಆಮೇಲೆಯೇ ಅವನತ್ತ ತಿರುಗಿದ್ದು.

ಅಷ್ಟರಲ್ಲಿ ಭಾವ ಇಸ್ತ್ರಿಯ ಸ್ವಿಚ್ಚು ಆರಿಸಿ ಹತ್ತಿರ ಬಂದಿದ್ದ. "ನೀವೇನೂ ನೋಡಿಲ್ಲ ಅನ್ಕೊಳ್ಳಿ ಮೇಡಂ. ಇವನನ್ನ ಯಾವುದಾದ್ರೂ ಬಸ್ ಹತ್ತಿಸಿಬಿಡ್ತೀನಿ. ಅವನು ಸತ್ರೆ ಕೊಲೆ ಕೇಸು. ನೇಣೇ ಗತಿ!"

ಆಗಲೇ ಬಾಗಿಲು ಬಡಿದ ಸದ್ದು. ನಾಲ್ವರೂ ಬಾಗಿಲತ್ತ ತಿರುಗಿದರು.

"ನನ್ನ ಪ್ಯಾಂಟ್ ಆಯ್ತಾ?" ಎಂದಿತು ಹೊರಗಿನ ದನಿ.

"ನಾ... ನಾಳೆ ಬನ್ನಿ," ಎಂದಳು ಅಕ್ಕ.

ವಕೀಲಮ್ಮ ತಗ್ಗಿದ ದನಿಯಲ್ಲಿ ಹೇಳಿದರು: "ಜೀವ ಹೋದದ್ದೆಲ್ಲಾ ಕೊಲೆ ಆಗಲ್ಲ ಅಣ್ಣ. ಕೈ ಏನು ಮಾಡ್ತು ಅಂತ ಮಾತ್ರ ಅಲ್ಲ, ಆಗ ಮನಸ್ಸಲ್ಲಿ ಏನಿತ್ತು ಅಂತಾನೂ ಕಾನೂನು ಕೇಳುತ್ತೆ. ಸಾಯಿಸಲೇಬೇಕು ಅಂತ ಹೊಡೆದ್ರೆ ಕೊಲೆ. ಬದುಕೋದೇ ಕಷ್ಟ ಅನ್ನುವಂಥ ಗಾಯ ಬೇಕಂತಲೇ ಮಾಡಿದ್ರೂ ಕೊಲೆನೇ. ಆದ್ರೆ ಮೊದಲೇ ಯೋಚಿಸದೆ, ದಿಢೀರ್ ಜಗಳದಲ್ಲಿ ಸಿಟ್ಟು ನೆತ್ತಿಗೇರಿ ಹೊಡೆದು ಜೀವ ಹೋದ್ರೆ, ಅದು ಕೊಲೆಯಲ್ಲದ ನರಹತ್ಯೆ ಆಗಬಹುದು. ಅದಕ್ಕೂ ಜೈಲಿದೆ. ಆದ್ರೆ ಎರಡನ್ನೂ ಒಂದೇ ತಕ್ಕಡೀಲಿ ತೂಗಲ್ಲ."

"ಷೆಡ್ಡಲ್ಲಿ ಗ್ಯಾಸ್ ಸಿಡಿದು ಸತ್ತಿದ್ರೆ?" ಎಂದ ಭಾವ.

"ಗ್ಯಾಸ್ ಸೋರ್ತಿದೆ ಅಂತ ಗೊತ್ತಿದ್ದೂ ಉದಾಸೀನ ಮಾಡಿದ್ರೆ ಅದು ನಿರ್ಲಕ್ಷ್ಯದಿಂದಾದ ಸಾವು. ಅದೂ ಅಪರಾಧ. ಎಲ್ಲಾ ಎಚ್ಚರಿಕೆ ತಗೊಂಡ್ರೂ ಆಗಿಹೋದ್ರೆ, ಅದು ಬರೀ ಆಕಸ್ಮಿಕ. ಕೊಲ್ಲೋಕೆ ಬಂದವನನ್ನ ಪ್ರಾಣ ಉಳಿಸ್ಕೊಳ್ಳೋಕೆ ಬೇಕಾದಷ್ಟು ಮಾತ್ರ ತಡೆದಿದ್ರೆ, ಆತ್ಮರಕ್ಷಣೆ. ಯಾವುದು ಅಂತ ತೀರ್ಮಾನಿಸೋದು ನ್ಯಾಯಾಲಯ."

ಭಾವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಹಾಗಾದ್ರೆ ಆಕಸ್ಮಿಕ ಅಂದ್ಬಿಡೋಣ! ಅವನೇ ಕಾಲು ಜಾರಿ ಬಿದ್ದ!"

ಅಕ್ಕ ತಮ್ಮನನ್ನೇ ದಿಟ್ಟಿಸುತ್ತಿದ್ದಳು. ಎತ್ತಿ ಆಡಿಸಿದ ಹುಡುಗ. ಅವನು ಸುಳ್ಳು ಹೇಳುವಾಗ ಕಿವಿ ಕೆಂಪಾಗುವುದು ಅವಳಿಗೆ ಗೊತ್ತಿತ್ತು. ಈಗಲೂ ಕೆಂಪಾಗಿದ್ದವು.

"ಬರೀ ತಳ್ಳಿದ್ಯಾ? ನನ್ನ ಮುಖ ನೋಡಿ ಹೇಳು."

ಅವನು ಬಿಕ್ಕಿದ. "ಕೈಯಲ್ಲಿ ಪೈಪ್ ಇತ್ತಕ್ಕಾ. ತೀರಿಹೋದ ಅಮ್ಮನ ಬಗ್ಗೆ ಕೊಂಕು ಆಡ್ದ, ಕಾಲರ್ ಹಿಡ್ದ. ಒಂದೇ ಏಟು. ತಲೆಗೆ ಬಿತ್ತು. ಪೈಪನ್ನ ಮೋರಿಗೆ ಎಸೆದೆ."

"ಅದು ಮೋರಿಯಲ್ಲೇ ಕೊಳೀಲಿ," ಎಂದ ಭಾವ.

"ಸಾಕ್ಷಿ ಮುಚ್ಚಿಟ್ರೆ ಅದೇ ಇನ್ನೊಂದು ಅಪರಾಧ. ಆಗ ನೀವೂ ಒಳಗೆ," ಎಂದರು ವಕೀಲಮ್ಮ. "ಇವನು ಓಡಿಹೋದ್ರೆ, ಬೇಕಂತಲೇ ಕೊಂದ ಅಂತಾರೆ. ಠಾಣೆಗೆ ನಾನೂ ಬರ್ತೀನಿ. ವಕೀಲರ ಸಹಾಯ ಇವನ ಹಕ್ಕು. ಬಡವರಿಗೆ ಉಚಿತವಾಗೇ ಸಿಗುತ್ತೆ."

"ಅಕ್ಕಾ, ಹೊಡೀತಾರೆ ಅಲ್ಲಿ... ಕಳಿಸ್ಬೇಡ."

ಅಕ್ಕ ಅವನ ತಲೆ ಸವರಿದಳು. ಆದರೂ ಹೋಗಿ ಚಿಲಕ ತೆಗೆದಳು. "ಏಳೋ. ಇವತ್ತು ಬಚ್ಚಿಟ್ರೆ ಜೀವಮಾನವೆಲ್ಲಾ ಬಚ್ಚಿಡ್ಬೇಕು."

ಅವನು ಬಟ್ಟೆಗಳ ಹಿಂದಿನಿಂದ ಏಳಲಿಲ್ಲ. ಕೊನೆಗೆ ಭಾವನೇ ಅವನನ್ನು ಹಿಡಿದೆಬ್ಬಿಸಿ, ವಕೀಲಮ್ಮನ ಜೊತೆ ಠಾಣೆಗೆ ಕರೆದೊಯ್ದ.

ಸೈಲೆನ್ಸರ್ ಆಸ್ಪತ್ರೆಯಲ್ಲಿ ಕಣ್ಣು ತೆರೆಯಲೇ ಇಲ್ಲ. ತಮ್ಮನೇ ತೋರಿಸಿದ ಮೋರಿಯಲ್ಲಿ ಪೈಪು ಸಿಕ್ಕಿತು. ಕಾಲರ್ ಹಿಡಿದದ್ದನ್ನು ಷೆಡ್ಡಿನ ಎದುರಂಗಡಿಯ ಬೀಗ ರಿಪೇರಿಯವನು ಕಂಡಿದ್ದ, ನ್ಯಾಯಾಲಯಕ್ಕೆ ಬಂದು ಹೇಳಿದ. ಮೊದಲೇ ಯೋಚಿಸಿದ್ದಲ್ಲ, ದಿಢೀರ್ ಜಗಳದ ಒಂದೇ ಏಟು ಎಂದು ನ್ಯಾಯಾಲಯ ಒಪ್ಪಿ, ಕೊಲೆಯಲ್ಲದ ನರಹತ್ಯೆ ಎಂದು ತೀರ್ಪು ಕೊಟ್ಟಿತು. ನೇಣು ತಪ್ಪಿತು. ಜೈಲು ತಪ್ಪಲಿಲ್ಲ.

ತೀರ್ಪಿನ ದಿನ ಅಕ್ಕ ನಿಟ್ಟುಸಿರು ಬಿಟ್ಟು ಹೊರಬಂದಾಗ, ಸೈಲೆನ್ಸರ್‌ನ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು.

"ನಿನ್ನ ತಮ್ಮ ಒಂದಲ್ಲ ಒಂದಿನ ಮನೆಗೆ ಬರ್ತಾನೆ," ಎಂದರು. "ನಾನು ಯಾರಿಗೆ ಕಾಯ್ಲಿ ಮಗಳೇ?"

ಅಕ್ಕ ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ಮಾತಿಗೆ ಮಾತು ಬೆಳೆಯಿತೆಂದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಅಲ್ಲಿಂದ ಎದ್ದು ನಡೆಯಿರಿ. ಕೈಮೀರಿ ಏನಾದರೂ ಆಗಿಯೇಬಿಟ್ಟರೆ ಓಡಬೇಡಿ. ಮೊದಲು ಬಿದ್ದವರ ಜೀವ ನೋಡಿ, ಆಂಬುಲೆನ್ಸ್ ಕರೆಯಿರಿ. ಏನನ್ನೂ ಮುಚ್ಚಿಡಬೇಡಿ, ಮುಚ್ಚಿಡುವವರಿಗೆ ನೆರವಾಗಬೇಡಿ. ಭಯವಾದರೆ ಹತ್ತಿರದ ಉಚಿತ ಕಾನೂನು ನೆರವಿನ ಕಚೇರಿಗೆ ಹೋಗಿ ಕೇಳಿ. ಈ ಮಾತನ್ನು ನಿಮ್ಮ ಮನೆಯ ಮುಂಗೋಪಿಗೆ ಇವತ್ತೇ ಹೇಳಿ. ಅವನು ತಣ್ಣಗಿರುವಾಗಲೇ ಹೇಳಿ.