ಬಲಗಾಲಿನ ಬೂಟು

ಅಂಗಾಲಿಗೆ ಹರಳು ಚುಚ್ಚಿತು, ಬಲಗಾಲಿಗೇ, ಬರಿಗಾಲಿಗೇ, ಎಡಗಾಲಿನಲ್ಲಾದರೆ ಕ್ಯಾನ್ವಾಸ್ ಬೂಟು ಇದೆ — ಚೆಂಡು ಮತ್ತೆ ಸ್ಯಾಮ್ಯುಯೆಲನ ಕೈಬಿಟ್ಟು ಎಡಮೂಲೆಗೆ, ಯಾರೂ ಇಲ್ಲದ ಮೂಲೆಗೆ ಹೋಗಿ ಗೆರೆ ದಾಟಿತು, ಯಾರಿಗೋ ಒಗ್ಯಾಕತ್ತಿ, ಅಲ್ಲೇನು ನಿಮ್ಮಪ್ಪ ನಿಂತಾನ, ಭಾಲ್ಕಿಯಿಂದ ಬಾಸ್ಕೆಟ್‌ಬಾಲ್ ನೋಡಲು ಬಂದವನೊಬ್ಬ ಕೂಗುತ್ತಾನೆ, ಮಿಷನ್ ಸಾಲಿ ಹುಲಿ ಇಂವೇ ಏನ್ರಿ, ಇವತ್ತ ಹಲ್ಲು ಮನ್ಯಾಗ ಇಟ್ಟು ಬಂದದ, ನಗು, ನಗಲಿ, ಆ ಮೂಲೆ ರಶೀದನದು, ನೋಡದೆ ಒಗೆದರೂ ಅವನ ಎಡಗೈ ಅಲ್ಲಿರುತ್ತಿತ್ತು, ರಶೀದ ಎಡಚ, ಬಲಗಾಲೂರಿ ಜಿಗಿಯುವವನು, ಸ್ಯಾಮ್ಯುಯೆಲ ಎಡಗಾಲೂರಿ, ಇಬ್ಬರ ನಡುವೆ ಒಂದೇ ಜೋಡಿ ಬೂಟು, ನಿಂದು ಎಡ, ನಂದು ಬಲ, ಜಿಗಿಯೋ ಕಾಲಿಗಿದ್ದರ ಸಾಕಲ್ಲೋ ಅಂದಿದ್ದ, ಆಟಕ್ಕೆ ಮುಂಚೆ ಒಬ್ಬರ ದಾರ ಇನ್ನೊಬ್ಬರು ಕಟ್ಟುವುದು ರೂಢಿ, ಸ್ಯಾಮ್ಯುಯೆಲ ಹಾಕುವುದು ಜೋಡುಗಂಟು, ಬಿಚ್ಚಲು ಹಲ್ಲೇ ಬೇಕು ನಿನ್ನ ಗಂಟಿಗೆ ಎಂದು ರಶೀದ ಬೈಯುತ್ತಿದ್ದ — ಯಾಕೋ ಸ್ಯಾಮ್, ಜ್ವರ ಬಂದಾವೇನು, ಆಟ ಕಲಿಸುವ ಜೋಸೆಫ ಮಾಸ್ತರರು ಗೆರೆಯಾಚೆಯಿಂದ, ಒಂದೇ ಪಾಯಿಂಟು ಹಿಂದಿದ್ದೀವಿ, ಇದು ಗೆದ್ದರ ಹೈದರಾಬಾದದೊಳಗ ಫೈನಲ್, ತಿಳೀತೇನು — ತಿಳಿದಿದೆ, ಬೇಡವಾಗಿರುವುದೇ ಆ ಹೈದರಾಬಾದು, ಬೇಲಿಯ ಹತ್ತಿರ ಅಜೀಜಾ ಬೇಗಂ ನಿಂತಿದ್ದಾರೆ, ರಶೀದನ ತಾಯಿ, ಬುರ್ಖಾದ ಮುಸುಕು ಎತ್ತಿಕೊಂಡು, ಕಂಕುಳಲ್ಲಿ ಮಗನಿಗೆಂದು ಹೊಲಿಸಿದ ಅಂಗಿಯ ಗಂಟು, ಬೆಳಿಗ್ಗೆ ಹೇಳಿದ್ದರು, ನೀ ಗೆದ್ದು ಹೋಗ್ತಿ ಬೇಟಾ, ಅಲ್ಲಿ ಆಟದ ಮೈದಾನ ನೋಡ್ಕೋತ ಹೋಗು, ಚೆಂಡು ಇದ್ದಲ್ಲಿ ಅಂವ ಇರ್ತಾನ, ಅಮ್ಮಿ ಮ್ಯಾಲ ಏನು ಸಿಟ್ಟು, ಒಂದು ಖಬರ್ ಸುದ್ದಾ ಇಲ್ಲ ಅಂತ ಕೇಳು — ಹೈದರಾಬಾದಿಗೆ ಹೋಗ್ಯಾನ್ರಿ ಅಮ್ಮಿ ಎಂದು ಅವರಿಗೆ ಹೇಳಿದವನು ಸ್ಯಾಮ್ಯುಯೆಲನೇ, ಬೇರೆ ಮಾತು ಬಾಯಿಗೆ ಬರಲಿಲ್ಲ, ಪೊಲೀಸ್ ಆಕ್ಷನ್ನಿನ ಲಷ್ಕರು ಬೀದರಿಗೆ ಬಂದ ವಾರ, ಹಳ್ಳಿಗಳಲ್ಲಿ ಮುಸಲ್ಮಾನರನ್ನು ಕಡಿಯುತ್ತಿದ್ದ ವಾರ, ಔರಾದಿನಲ್ಲಿ ಅಕ್ಕ ಒಬ್ಬಳೇ ಇದ್ದಾಳೆಂದು ಕೇಳಿ ರಶೀದ ಇದೇ ಮೈದಾನದಿಂದ, ಬೂಟು ಸಹ ಬಿಚ್ಚದೆ, ಹೋಗುತ್ತಿದ್ದ ಬಂಡಿ ಹತ್ತಿದ, ಅಕ್ಕನ ಮನೆ ಮುಟ್ಟಲಿಲ್ಲ, ಸ್ಯಾಮ್ಯುಯೆಲ ಸೈಕಲ್ಲಿನ ಮೇಲೆ ಹುಡುಕಿಕೊಂಡು ಜನವಾಡ ದಾಟಿದ, ಜೋಳದ ಹೊಲದಲ್ಲಿ ಬಾವಿ, ವಾಸನೆ, ಬಗ್ಗಿದರೆ ಬಾವಿ ತುಂಬ ಮಂದಿ, ಮುಖ ಯಾವುದೂ ಮುಖವಾಗಿ ಉಳಿದಿಲ್ಲ, ಒಂದು ಕಾಲು ಬರಿದು, ಇನ್ನೊಂದರಲ್ಲಿ ಬೂಟು, ಜೋಡುಗಂಟು — ಸ್ಯಾಮ್, ಚೆಂಡು, ಹೊತ್ತಾತು, ಒಗಿ — ಚೆಂಡು ಕೈಗೆ ಬಂದಿದೆ, ಸೋತರೆ ಹೋಗುವುದಿಲ್ಲ, ಹೋಗದಿದ್ದರೆ ಬರಿಗೈಲಿ ಬರುವುದಿಲ್ಲ, ಬರದಿದ್ದರೆ ಅಮ್ಮಿಗೆ ಏನೂ ಹೇಳಬೇಕಾಗುವುದಿಲ್ಲ, ಎಡಗಾಲೂರಿ ಜಿಗಿದು ಒಗೆದ, ಎತ್ತರಕ್ಕೆ, ಬೋರ್ಡನ್ನೂ ದಾಟಿ ಹೋಗಲಿ ಎಂದೇ ಒಗೆದ, ದಿನವಿಡೀ ತಪ್ಪಿದ ಕೈ ಈಗಲೂ ತಪ್ಪಿತು, ಬೋರ್ಡಿನ ತುದಿಗೆ ಬಡಿದ ಚೆಂಡು ರಿಂಗಿನ ಸುತ್ತ ಒಮ್ಮೆ ತಿರುಗಿ ಒಳಗೆ ಬಿತ್ತು. ಸೀಟಿ. ಯಾರೋ ಅವನನ್ನು ಎತ್ತಿಕೊಂಡಿದ್ದಾರೆ, ಮಾಸ್ತರರು ಅಳುತ್ತಿದ್ದಾರೆ, ಅಜೀಜಾ ಬೇಗಂ ಬೇಲಿಯ ಮೇಲಿಂದ ಗಂಟು ಚಾಚಿ, ನಾ ಹೇಳಿರಲಿಲ್ಲೇನು ಬೇಟಾ, ಹಿಡಿ, ಕೈ ಚಾಚುತ್ತಾನೆ, ಅಂಗಿ ಮೆತ್ತಗಿದೆ, ಮೇಲೆ ರಿಂಗು, ದುಂಡಗೆ, ಅದರೊಳಗೆ ಕಪ್ಪು, ನೀರು ಕಪ್ಪು, ಬಲಗಾಲಿನ ಬೂಟು, ದಾರ ನೆನೆದು ಉಬ್ಬಿದೆ, ಜೋಡುಗಂಟು ಹಾಗೇ ಇದೆ, ಬಿಚ್ಚಿಲ್ಲ, ಬಿಚ್ಚಲು ಹಲ್ಲೇ ಬೇಕು, ಜೋಡುಗಂಟು